ಬಾತುಕೋಳಿ ಮೇಡಂ

"ಸ್ಕೂಲ್ ಗೇಟಿನೊಳಗೆ ನಾನು ನಿನ್ನ ಮಗ ಅಲ್ಲ, ನೀನು ನನ್ನ ಅಮ್ಮ ಅಲ್ಲ."

ಒಂಬತ್ತನೇ ತರಗತಿಯ ಹುಡುಗ ಈ ಷರತ್ತು ಹಾಕಿದಾಗ ಅಮ್ಮ ಮರುಮಾತಾಡದೆ ಒಪ್ಪಿಕೊಂಡಿದ್ದಳು. ಆ ವರ್ಷವಷ್ಟೇ ಆಕೆ ಅವನ ಶಾಲೆಗೆ ಜೀವಶಾಸ್ತ್ರ ಕಲಿಸಲು ಸೇರಿದ್ದಳು. ಒಪ್ಪಂದವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಹಾಜರಿ ಕರೆಯುವಾಗ ಅವನ ಹೆಸರಿಗೆ ಬಂದು ತಡವರಿಸಿ, "ಯಾರಪ್ಪ ಇದು? ಎದ್ದು ನಿಲ್ಲು, ಮುಖ ನೋಡೋಣ" ಎಂದಳು.

ಸ್ವಾತಂತ್ರ್ಯ ಹುಡುಗನ ತಲೆಗೇರಿತು. ಕಿಟಕಿ ಪಕ್ಕದ ಬೆಂಚಿನ ಹುಡುಗಿ ಅವನ ಯಾವ ಜೋಕಿಗೂ ನಗುತ್ತಿರಲಿಲ್ಲ. ಗಣಿತದಲ್ಲಿ ಅವನು ಮೊದಲು ಬಂದರೂ ತಿರುಗಿ ನೋಡಲಿಲ್ಲ. ಅಪ್ಪನ ಸೆಂಟು ಸುರಿದುಕೊಂಡು ಬಂದ ದಿನ ಮಾತ್ರ ಸೀನಿದಳು. ಕೊನೆಗೊಮ್ಮೆ ಬಿಡುವಿನಲ್ಲಿ ಅವನು ಡಸ್ಟರನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಪಾದಗಳನ್ನು ಹೊರಕ್ಕೆ ತಿರುಗಿಸಿ, ಸೊಂಟ ಓಲಾಡಿಸುತ್ತ ಜೀವಶಾಸ್ತ್ರದ ಮೇಡಂನಂತೆ ಕರಿಹಲಗೆಯ ಮುಂದೆ ನಡೆದ. "ಬಾತುಕೋಳಿ ಮೇಡಂ!" ಎಂದು ನಾಮಕರಣವನ್ನೂ ತಾನೇ ಮಾಡಿದ. ಹುಡುಗಿ ಬೆಂಚು ಹಿಡಿದುಕೊಂಡು ನಕ್ಕಳು.

ರುಚಿ ಕಂಡ ಬೆಕ್ಕು ಬಿಡುವುದುಂಟೇ? ಬಾತುಕೋಳಿ ದಿನವೂ ನಡೆಯಿತು. ಹೆತ್ತವಳನ್ನು ಆಡಿಕೊಳ್ಳುತ್ತಿದ್ದೇನೆಂದು ಮನಸ್ಸು ಚುಚ್ಚಿದಾಗಲೆಲ್ಲ, ಗೇಟಿನೊಳಗೆ ಆಕೆ ತನ್ನನ್ನು ಹೆತ್ತೇ ಇಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡ. ಅವನ ಭಯ ಒಂದೇ: ಅದು ತನ್ನ ಅಮ್ಮ ಎಂದು ಹುಡುಗಿಗೆ ತಿಳಿದರೆ ಎಲ್ಲ ಮುಗಿಯಿತು.

ಒಂದು ಮಧ್ಯಾಹ್ನ ನಡೆದು ಮುಗಿಸಿ ತಿರುಗಿದರೆ, ಬಾಗಿಲಲ್ಲಿ ಅಸಲಿ ಬಾತುಕೋಳಿ ನಿಂತಿತ್ತು.

"ಚೆನ್ನಾಗಿದೆ. ನಾಳೆ ನಿಮ್ಮಮ್ಮನ್ನ ಕರ್ಕೊಂಡು ಬಾ," ಎಂದಳು ಮೇಡಂ.

ಹುಡುಗ ಕಂಕುಳಿನ ಡಸ್ಟರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಯಾಕೆ, ಅಮ್ಮ ಇಲ್ವಾ?"

"ಇದಾರೆ, ಮೇಡಂ."

"ಪಾಪ, ಹೇಗೆ ಸಹಿಸ್ಕೊಂಡಿದಾರೋ!"

ಸಂಜೆ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಹುಡುಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

"ಅಮ್ಮ, ನಾಳೆ ನಿಂಗೆ ಸ್ಕೂಲಿಗೆ ಬರೋಕೆ ಹೇಳಿದಾರೆ."

"ಯಾರು?"

"ಬಯಾಲಜಿ ಮೇಡಂ."

"ಅಯ್ಯೋ, ಏನು ಕಿತಾಪತಿ ಮಾಡ್ದೆ? ಅವರು ತುಂಬ ಒಳ್ಳೆಯವರು ಅಂತ ಕೇಳಿದ್ದೆ. ನಂಗೆ ನಾಳೆ ಕೆಲಸ ಇದೆ ಕಣೋ, ಅಪ್ಪನ್ನ ಕರ್ಕೊಂಡು ಹೋಗು."

ಅಪ್ಪ ಗಡಿಯಾರ ರಿಪೇರಿ ಮಾಡುವವನು. ಮರುದಿನ ಹುಡುಗ ದಾರಿಯುದ್ದಕ್ಕೂ ಅವನಿಗೆ ಪಾಠ ಹೇಳಿಕೊಟ್ಟ: "ಮೇಡಂ ಅನ್ನು. ಗೊತ್ತಿರೋರ ಥರ ನಗಬೇಡ."

ಸ್ಟಾಫ್ ರೂಮಿನಲ್ಲಿ ಆ ಹುಡುಗಿ ಚಾಕ್‌ಪೀಸ್ ತೆಗೆದುಕೊಳ್ಳಲು ಬಂದಿದ್ದಳು. ಅಪ್ಪ ಕೈಜೋಡಿಸಿ, "ನಮಸ್ಕಾರ, ಮೇಡಂ" ಎಂದ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಜೇಬಿಗೆ ಕೈಹಾಕಿ, "ತಗೊಳ್ಳೇ, ಕನ್ನಡಕ. ಇವತ್ತೂ ಬಚ್ಚಲುಮನೇಲಿ ಬಿಟ್ಟು ಬಂದಿದೀಯ" ಎಂದುಬಿಟ್ಟ.

ಹುಡುಗ ಹೊರಗೋಡಿ ಜಗಲಿಯ ಕಂಬ ಹಿಡಿದು ನಿಂತ. ಹುಡುಗಿ ಹಿಂದೆಯೇ ಬಂದಳು.

"ಈಗ ಗೊತ್ತಾಯ್ತಲ್ಲ, ನಗು," ಎಂದ ಅವನು.

"ಈಗೇನು? ಮೊದಲನೇ ದಿನಾನೇ ಗೊತ್ತಾಯ್ತು."

"ಹೇಗೆ?"

"ಮೇಡಂ ಥರ ನಡೆದೆ. ಆಮೇಲೆ ಡಸ್ಟರ್ ಇಟ್ಟು ನಿನ್ನ ಬೆಂಚಿಗೆ ಹೋದೆ. ನಡಿಗೆ ಮಾತ್ರ ಬದಲಾಗ್ಲೇ ಇಲ್ಲ. ಅದಕ್ಕೇ ಅಷ್ಟು ನಗು ಬಂದಿದ್ದು."

ಹುಡುಗ ತನ್ನ ಪಾದಗಳನ್ನು ನೋಡಿಕೊಂಡ. ಎರಡೂ ಹೊರಕ್ಕೆ ತಿರುಗಿದ್ದವು.

ಗಂಟೆ ಹೊಡೆಯಿತು. "ಬಾರೋ, ಬಾತುಕೋಳಿ ಮರಿ," ಎಂದು ಹುಡುಗಿ ಮುಂದೆ ಹೋದಳು. ಅವನು ಪಾದಗಳನ್ನು ನೆಟ್ಟಗೆ ಮಾಡಿಕೊಂಡು ಎರಡು ಹೆಜ್ಜೆ ಇಟ್ಟು ಮುಗ್ಗರಿಸಿದ.

ಹಿಂದಿನಿಂದ ಬಂದ ಮೇಡಂ ಕನ್ನಡಕದೊಳಗಿಂದ ಅವನನ್ನು ದಿಟ್ಟಿಸಿದಳು. "ನೋಡ್ಕೊಂಡು ನಡಿಯಪ್ಪ, ನೀನು ಯಾರ ಮಗನೋ ಏನೋ," ಎಂದು ಹೇಳಿ, ಓಲಾಡುತ್ತ ತರಗತಿಯ ಕಡೆ ನಡೆದಳು.