ಕೊಡೆ ಹಿಡಿದವನು

“ಅಪ್ಪಾ, ಇವನ ಕಿವಿ ನೋಡು! ಥೇಟ್ ನಿನ್ನದೇ,” ಎಂದು ಮಗಳು ಗಾಜಿಗೆ ಬೆರಳೊತ್ತಿದಳು.

ಅವನು ನೋಡಲಿಲ್ಲ. ಆ ಫೋಟೋ ಅವನಿಗೆ ಬಾಯಿಪಾಠ. ಸುರಿಯುವ ಮಳೆ, ಹೊಸ ಸೇತುವೆ, ಕತ್ತರಿ ಹಿಡಿದ ನಗರಸಭೆ ಅಧ್ಯಕ್ಷರು, ಇಂಜಿನಿಯರು, ಗುತ್ತಿಗೆದಾರರು. ಅಧ್ಯಕ್ಷರ ತಲೆಯ ಮೇಲೊಂದು ಕೊಡೆ. ಕೊಡೆಯಾಚೆ ತೊಯ್ದು ತೊಪ್ಪೆಯಾದ ಜವಾನ.

ಮಗಳು ಶಾಲೆಯ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಕೆಳಗಿನ ಬರಹವನ್ನು ಗಟ್ಟಿಯಾಗಿ ಓದಿದಳು. ಎಲ್ಲರಿಗೂ ಹೆಸರಿತ್ತು, ಹುದ್ದೆಯಿತ್ತು. ಕೊನೆಗೆ, “ಕೊಡೆ ಹಿಡಿದವನು: ಗುರುತು ತಿಳಿದಿಲ್ಲ.”

“ಪಾಪ! ಇವನೊಬ್ಬಂದೇ ಗೊತ್ತಿಲ್ವಂತೆ. ಯಾವ ಜಾಣ ಬರೆದದ್ದಪ್ಪಾ ಇದನ್ನ?”

ಜಾಣ ಪಕ್ಕದಲ್ಲೇ ನಿಂತಿದ್ದ. ಹನ್ನೆರಡು ವರ್ಷದ ಹಿಂದೆ, ನಗರದ ಚರಿತ್ರೆ ಹೇಳುವ ಈ ವಸ್ತುಸಂಗ್ರಹಾಲಯ ಶುರುವಾದಾಗ, ಗೋಡೆಗೋಡೆಯ ಬರಹವನ್ನೂ ಬರೆದ ಇತಿಹಾಸದ ಪ್ರೊಫೆಸರು ಅವನೇ. ಈ ಫೋಟೋ ಬಂದ ದಿನ ಸಮಿತಿಯವರು ಚಹಾ ಕುಡಿಯುತ್ತಿದ್ದರು. “ಯಾರ್ರೀ ಈ ಕೊಡೆ ಕಂಬ?” ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕ ಮೇಲೆ ಹೇಳುವುದು ಹೇಗೆ?

ಆ ಸಂಜೆ ಅವನ ಅಪ್ಪ ಮನೆ ಬಾಗಿಲಲ್ಲೇ ಕೂತು ಕಾಯುತ್ತಿದ್ದ. “ನಂದೂ ಪಟ ಹಾಕ್ತಾರಂತಲ್ಲೋ?”

“ಮಳೇಲಿ ಮುಖ ಸರಿಯಾಗಿ ಬಂದಿಲ್ಲಪ್ಪ.”

ಅಪ್ಪ ಮತ್ತೆ ಕೇಳಲಿಲ್ಲ. ಆ ವರ್ಷ ದಾಟಲೂ ಇಲ್ಲ.

“ಅದು ನಿನ್ನ ತಾತ,” ಅವನು ಈಗ ಮಗಳಿಗೆ ಅಂದ.

ಮಗಳ ನಗು ಅರ್ಧಕ್ಕೇ ನಿಂತಿತು. “ತಾತ ಆಫೀಸರ್ ಆಗಿದ್ರು ಅಂದಿದ್ದೆ?”

“ಅಂದಿದ್ದೆ.”

“ಮತ್ತೆ ಇದು?”

“ಇದನ್ನೂ ನಾನೇ ಬರೆದದ್ದು.”

ಅವಳ ಕೈಯಿಂದ ನೀಲಿ ಸ್ಕೆಚ್ ಪೆನ್ನು ಕಿತ್ತುಕೊಂಡು, ಗಾಜಿನ ಮೇಲೆ ಅಪ್ಪನ ಹೆಸರು ಬರೆಯತೊಡಗಿದ.

“ಓ ಸ್ವಾಮೀ!” ಕಾವಲುಗಾರ ಓಡಿಬಂದ. “ಓದಿದೋರ ಥರ ಕಾಣ್ತೀರಿ, ಗೋಡೆ ಗೀಚೋ ಮಕ್ಕಳ ಹಾಗೆ ಇದೇನಿದು?”

“ಇವರು ನಮ್ಮಪ್ಪ. ಹೆಸರು ಬರೀತಿದೀನಿ.”

“ಗೊತ್ತಿಲ್ಲ ಅಂತ ಅಚ್ಚು ಹಾಕ್ಸಿದಾರಲ್ರೀ.”

“ಸುಳ್ಳು.”

“ದೊಡ್ಡ ಪ್ರೊಫೆಸರು ಬರೆದದ್ದು. ಅವರಿಗಿಂತ ನಿಮಗೆ ಗೊತ್ತಾ?”

“ಆ ಪ್ರೊಫೆಸರು ನಾನೇ.”

ಕಾವಲುಗಾರ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ. “ಕಾರ್ಡ್ ಇದೆಯಾ?”

“ಮನೇಲಿದೆ.”

“ಹಾಗಾದ್ರೆ ಮನೇಲೇ ಪ್ರೊಫೆಸರಾಗಿರಿ.”

ಒದ್ದೆ ಬಟ್ಟೆ ಬಂತು. ಒಂದೇ ಸಲಕ್ಕೆ ಅಪ್ಪ ಅಳಿಸಿಹೋದ. ಅವನು ಇನ್ನೊಮ್ಮೆ ಬರೆದ, ಈ ಸಲ ದೊಡ್ಡದಾಗಿ. ಕಾವಲುಗಾರ ಇನ್ನೊಮ್ಮೆ ಒರೆಸಿದ. ಹಿಂದೆ ಜನ ಸೇರಿದರು, ಯಾರೋ ಕಿಸಕ್ಕೆಂದರು. ಈ ನಗು ಅವನಿಗೆ ಹಳೆಯ ಪರಿಚಯ. ಈ ಸಲ ಅವನು ನಗಲಿಲ್ಲ.

“ಪೊಲೀಸ್ ಕರೀಬೇಕಾಗತ್ತೆ.”

“ಕರೀರಿ. ಹೆಸರು ಅವರೂ ಬರ್ಕೊಳ್ಳಲಿ.”

ಮಗಳು ಆಗಲೇ ಪಕ್ಕದ ಫೋಟೋದೆದುರು ನಿಂತಿದ್ದಳು. ತಿರುಗಿ ನೋಡದೆಯೇ ಕೇಳಿದಳು: “ಇದಾದ್ರೂ ನಿಜವಾ?”

ಒದ್ದೆ ಬಟ್ಟೆ ಬಿಟ್ಟ ನೀಲಿ ನೀರು ಗಾಜಿನುದ್ದಕ್ಕೂ ಜಾರುತ್ತ, ಕೊಡೆಯ ಅಂಚು ದಾಟಿ, ನೇರ ಅಪ್ಪನ ಹೆಗಲ ಮೇಲೇ ಇಳಿಯುತ್ತಿತ್ತು. ಕೊಡೆಯಡಿ ಅಧ್ಯಕ್ಷರು ಬೆಚ್ಚಗಿದ್ದರು.

ಅವನು ಮತ್ತೆ ಪೆನ್ನಿನ ಮುಚ್ಚಳ ತೆಗೆದ.