ಆಕಾಶನೀಲಿ ಬಣ್ಣದ ಬ್ಯಾಟರಿಗಳು

ಪ್ರಾಂತ್ಯದಿಂದ ತನಿಖಾಧಿಕಾರಿ ಬರುತ್ತಾರೆ ಎಂದು ಫೋನು ಬಂದಾಗ ಓರಾಲ್ಬೇಕ್ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಫೋನಿಟ್ಟವನೇ ಬಣ್ಣದ ಡಬ್ಬ ಹುಡುಕಲು ಓಡಿದ. ಹುಲ್ಲುಗಾವಲಿನ ನಡುವಿನ ಆ ಕಜಕ್ ಊರಿನಲ್ಲಿ ತನಿಖೆ ಎಂದರೆ ಸುಣ್ಣಬಣ್ಣ. ಮರದ ಬುಡಕ್ಕೆ ಸುಣ್ಣ, ದಾರಿ ಬದಿಯ ಕಲ್ಲಿಗೆ ಸುಣ್ಣ. ಹಿಂದೊಮ್ಮೆ ಮಂತ್ರಿಗಳು ಬಂದಾಗ, ಅಲ್ಲಾಡದೆ ನಿಂತಿದ್ದ ತಪ್ಪಿಗೆ ಒಂದು ಕತ್ತೆಗೂ ಅರ್ಧ ಮೈ ಬಳಿದಿದ್ದರು.

ಓರಾಲ್ಬೇಕ್ ಆಸ್ಪತ್ರೆಯ ವಿದ್ಯುತ್ ವಿಭಾಗದ ಮುಖ್ಯಸ್ಥ. ಕರೆಂಟು ಹೋದರೆ ಆಪರೇಷನ್ ಕೋಣೆಯ ದೀಪ ಉರಿಯಬೇಕಾದದ್ದು ನೆಲಮಾಳಿಗೆಯ ಬ್ಯಾಟರಿಗಳಿಂದ. ಅವುಗಳ ಅವಸ್ಥೆಯೋ, ದೇವರಿಗೇ ಪ್ರೀತಿ! ಟರ್ಮಿನಲ್ಲುಗಳ ಮೇಲೆ ಹಸಿರು ಬೂಷ್ಟಿನಂಥ ಪುಡಿ, ಹೊಟ್ಟೆ ಉಬ್ಬಿಸಿಕೊಂಡ ಪೆಟ್ಟಿಗೆಗಳು, ಮಟ್ಟದ ಗೆರೆಗಿಂತ ಕೆಳಗಿಳಿದ ಆಸಿಡ್, ತಳದಲ್ಲಿ ಕಂದು ಕೆಸರು. ಹೊಸವು ಕೊಡಿ ಎಂದು ಕೇಳಿ ಕೇಳಿ ಅವನ ಬಾಯಿ ಒಣಗಿತ್ತು. ಸಾಲದ್ದಕ್ಕೆ ಗುರುವಾರ ಅವನ ಹೆಂಡತಿ ಜಾವ್ರೆಶ್‌ಗೆ ಇದೇ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್.

“ಬಣ್ಣ ಯಾಕ್ರೀ? ಹಾಳಾಗಿರೋದನ್ನ ಹಾಳಾಗಿರೋ ಹಾಗೇ ತೋರಿಸಿ,” ಎಂದಳು ಜಾವ್ರೆಶ್.

“ಆಮೇಲೆ ನನ್ನ ಕೆಲ್ಸ ಹೋದ್ರೆ? ನಿಂಗ್ಯಾಕೆ ಅದೆಲ್ಲ, ಬರೋ ಅಧಿಕಾರಿಗೆ ಕುರಿ ತಲೆ ಚೆನ್ನಾಗಿ ಬೇಯಿಸು.”

ಒಳಗಿನ ಪ್ಲೇಟುಗಳು ಕಾಣುತ್ತಿದ್ದ ಬ್ಯಾಟರಿ ಪೆಟ್ಟಿಗೆಗಳ ಪಾರದರ್ಶಕ ಗೋಡೆಗಳಿಗೂ ಬಿಡದೆ ಆಕಾಶನೀಲಿ ಬಳಿದ. ಉಬ್ಬಿದವುಗಳ ಮುಂದೆ ಹೂಕುಂಡ ಇಟ್ಟ.

ತನಿಖಾಧಿಕಾರಿ ಸೆಯಿಲ್ಖಾನ್ ಮಾರನೆಯ ದಿನ ಬಂದರು. ಬಗ್ಗಿ ನೋಡಿದರು, ಕನ್ನಡಕ ಏರಿಸಿ ನೋಡಿದರು. ಕೈಯೂರಿ ಏಳುವಾಗ ಅಂಗೈಗೆ ನೀಲಿ ಮೆತ್ತಿತು. ಅದನ್ನು ಕರವಸ್ತ್ರಕ್ಕೆ ಸದ್ದಿಲ್ಲದೆ ಒರೆಸಿಕೊಂಡು, “ಕಣ್ಣಿಗೆ ಕಾಣೋ ದೋಷ ಒಂದೂ ಇಲ್ಲ,” ಎಂದು ಬರೆದು ಸಹಿ ಹಾಕಿದರು. ದೊಡ್ಡ ಮನುಷ್ಯರ ದೊಡ್ಡತನ ಅಂದರೆ ಅದು.

ಆಸ್ಪತ್ರೆ ಹಿಂದಿನ ಮನೆಯಲ್ಲಿ ಊಟ. ಕುರಿಯ ತಲೆ ಹಿರಿಯ ಅತಿಥಿಯ ಮುಂದೆಯೇ ಇಡಬೇಕು, ಇಟ್ಟರು. ಸೆಯಿಲ್ಖಾನ್ ಕೆನ್ನೆಯ ಮಾಂಸ ಕೊಯ್ದು ಬಾಯಿಗಿಟ್ಟು, ತೃಪ್ತಿಯಿಂದ ಹೇಳಿದರು:

“ಪ್ರಾಂತ್ಯಕ್ಕೆಲ್ಲ ಬಂದಿರೋದು ಒಂದೇ ಸೆಟ್ ಹೊಸ ಬ್ಯಾಟರಿ ತಮ್ಮಾ. ಎಲ್ಲಕ್ಕಿಂತ ಕೆಟ್ಟಿರೋ ಆಸ್ಪತ್ರೆಗೆ ಕೊಡೋದು ಅಂತ ಫೋನಲ್ಲೇ ಹೇಳಿದ್ವಲ್ಲ. ಪಕ್ಕದೂರಿಗೆ ಕೊಟ್ಬಿಡ್ತೀನಿ. ಅಲ್ಲಿಯ ಸೋಮಾರಿ ಧೂಳೂ ಹೊಡೆದಿಲ್ಲ!”

ಓರಾಲ್ಬೇಕ್ ಕೈಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದ. ಅತಿಥಿಯನ್ನು ಕೈಹಿಡಿದು ನೆಲಮಾಳಿಗೆಗೆ ಎಳೆದೊಯ್ದ. ಹೂಕುಂಡಗಳನ್ನು ಬದಿಗೆ ತಳ್ಳಿ ಚಾಕುವಿನಿಂದ ಬಣ್ಣ ಕೆರೆದ. ನೀಲಿಯ ಕೆಳಗಿನಿಂದ ಹಸಿರು ಪುಡಿ ಉದುರಿತು.

“ನೋಡಿ ಆಗಾ, ನೀವು ನನ್ನ ಹಿರಿಯಣ್ಣನ ಹಾಗೆ, ನಮ್ಮವೇ ಎಲ್ಲಕ್ಕಿಂತ ಕೆಟ್ಟವು! ದಮ್ಮಯ್ಯ, ಹಾಗಂತ ಬರೀರಿ!”

ಸೆಯಿಲ್ಖಾನ್ ಗೋಡೆಯ ಕಡೆ ಮುಖ ತಿರುಗಿಸಿದರು. “ನಿನ್ನ ಮನೇಲಿ ತಲೆ ಮಾಂಸ ತಿಂದಿದೀನಿ. ಉಂಡ ಮನೆಗೆ ದ್ರೋಹ ಬಗೆಯೋ ಮನುಷ್ಯ ಅಲ್ಲ ನಾನು. ಊಟಕ್ಕೆ ಮುಂಚೆ ಹೇಳ್ಬಾರ್ದಿತ್ತಾ?”

ಅವರು ಹೊರಟುಹೋದ ಮೇಲೆ ಓರಾಲ್ಬೇಕ್ ಅಡುಗೆಮನೆಗೆ ಬಂದ.

“ನಿನ್ನ ಆಪರೇಷನ್ ಇಲ್ಲಿ ಬೇಡ ಕಣೇ. ಪಕ್ಕದೂರಲ್ಲಿ ಮಾಡಿಸೋಣ. ಅಲ್ಲಿ ದೀಪ ಆರಲ್ಲ.”

ಜಾವ್ರೆಶ್ ಕೈ ಒರೆಸಿಕೊಂಡಳು. “ಆಗ್ಲಿ. ನಾಳೆ ಬೆಳಿಗ್ಗೆ ಇದೇ ಆಸ್ಪತ್ರೇಲಿ ಹೆರಿಗೆ ಆಪರೇಷನ್ ಇದೆಯಲ್ಲ, ಆ ಸ್ಕೂಲ್ ಟೀಚರ್‌ಗೆ. ಅವಳಿಗೂ ಹೇಳಿ ಬನ್ನಿ.”

ಓರಾಲ್ಬೇಕ್ ವಾರ್ಡಿನ ಬಾಗಿಲ ತನಕ ಹೋದ. ಆ ಟೀಚರ್ ಹುಡುಗಿ ಹಾಸಿಗೆಯಲ್ಲಿ ಎದ್ದು ಕೂತು ನಕ್ಕಳು.

“ಆಗಾ, ತನಿಖೆ ಚೆನ್ನಾಗಾಯ್ತಂತಲ್ಲ! ಕೇಳಿ ಧೈರ್ಯ ಬಂತು ನೋಡಿ.”