ಎಲೆಬುಡದ ಮೀಸೆ

ಹೊಸ ಭತ್ತದ ತಳಿ ಕಟ್ಟಿದ ವಿಜ್ಞಾನಿ ಗದ್ದೆಗಿಳಿದು, ನೋಡಲು ಬಂದವರೆದುರು ಸೊಂಪಾದ ಪೈರೊಂದನ್ನು ಹಿಡಿದು, "ಪ್ರಕೃತಿ ಸಾವಿರ ವರ್ಷದಲ್ಲಿ ಮಾಡೋದನ್ನ ಹನ್ನೆರಡೇ ವರ್ಷದಲ್ಲಿ ಮಾಡಿದೀನಿ," ಎಂದು ಬೀಗಿದರು.

"ಸಾರ್, ಅದು ಕಳೆ," ಎಂದಳು ಕಳೆ ಕೀಳುವ ಅಕ್ಕ, ಮೆಲ್ಲಗೆ.

"ನಂಗೇ ಪಾಠ ಹೇಳ್ತೀಯಾ?"

"ಭತ್ತಕ್ಕೆ ಎಲೆಬುಡದಲ್ಲಿ ಸಣ್ಣ ಮೀಸೆ ಇರುತ್ತೆ, ಇದಕ್ಕಿಲ್ಲ ನೋಡಿ. ಬೇರೆ ಥರ ಕಂಡ ಕಳೆಯನ್ನೆಲ್ಲ ವರ್ಷಾವರ್ಷ ನೀವೇ ಕೀಳಿಸಿದ್ರಿ. ಭತ್ತದ ಥರಾನೇ ಇದ್ದಿದ್ದು ಉಳ್ಕೊಂಡು ಬೀಜ ಉದುರಿಸ್ತು."

ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ವಿಜ್ಞಾನಿಗೆ. ಹನ್ನೆರಡು ವರ್ಷ ತಮ್ಮ ಕೈಯೇ ಕಳೆಯ ತಳಿಯನ್ನೂ ಕಟ್ಟಿತ್ತು. ಹೋದ ಮರ್ಯಾದೆ ಉಳಿಸಿಕೊಳ್ಳಲು ಬಾಗಿ, "ಇದೂ ಕಳೆನೇ," ಎಂದು ಪಕ್ಕದ ಪೈರನ್ನು ತಾವೇ ಕಿತ್ತರು.

ಅಕ್ಕ ಅದನ್ನು ತೆಗೆದುಕೊಂಡು, ಎಲೆಬುಡದ ಮೀಸೆ ಸವರಿ, ಮತ್ತೆ ಕೆಸರಿನಲ್ಲಿ ನೆಟ್ಟಳು.